ಎಂಟೂವರೆಗೆ ಒಂದು ಅಲಾರಂ



ಹರವೆ ಕಡೆಯ ನಮ್ಮ ಅಕ್ಕನ ಮನೆಗೆ ಕಳೆದ ವರ್ಷ ಒಂದು ಪುಟ್ಟ ಹವಾಮಾನ ಯಂತ್ರ ಬಂತು. ನೋಡಲು ಮೇಜಿನ ಮೇಲಿಡುವ ಅಲಾರಂ ಗಡಿಯಾರ. ಜೊತೆಗೆ ಉಷ್ಣಾಂಶ, ತೇವಾಂಶ, ಗಾಳಿಯ ಒತ್ತಡವನ್ನೂ ತೋರಿಸುತ್ತದೆ. ಮೂಲೆಯಲ್ಲಿ ಸೂರ್ಯ, ಮೋಡ, ಮಳೆಹನಿಯ ಚಿತ್ರ ಬೇರೆ!

ಭರಣಿ ಮಳೆಯ ಕಾಲ. ಒಂದು ತುಂತುರು ಬಿದ್ದಿತ್ತು. ಮಧ್ಯಾಹ್ನ ಯಂತ್ರದಲ್ಲಿ ಮಳೆಹನಿ ಕಂಡ ಭಾವ ಇನ್ನೂ ಮಳೆಯಾಗುತ್ತದೆಂದು ನಂಬಿ ಸೂರ್ಯಕಾಂತಿ ಬಿತ್ತಿದರು. ಮಳೆ ಬರಲಿಲ್ಲ, ಬೀಜ ಮಣ್ಣುಪಾಲಾಯಿತು. "ಸೈನ್ಸ್ ಓದಿದವನು ನೀನು, ಹೇಳಪ್ಪ, ಇದ್ಯಾಕೆ ಸುಳ್ಳು ಹೇಳ್ತು?" ಎಂದರು.

ಯಂತ್ರ ಮೋಡವನ್ನು ನೋಡುವುದಿಲ್ಲ. ಕೆಲವು ಗಂಟೆಗಳಲ್ಲಿ ಗಾಳಿಯ ಒತ್ತಡ ಇಳಿದರೆ ಮಳೆ, ಏರಿದರೆ ಬಿಸಿಲು ಎಂದು ಲೆಕ್ಕ ಹಾಕುತ್ತದೆ, ಅಷ್ಟೆ. ಯೂರೋಪಿನಂಥ ಚಳಿ ದೇಶಗಳಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿ. ನಮ್ಮ ಉಷ್ಣವಲಯದಲ್ಲಾದರೋ ಒತ್ತಡ ದಿನಕ್ಕೆರಡು ಬಾರಿ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10ಕ್ಕೆ ಹೆಚ್ಚು, ಸಂಜೆ ಮತ್ತು ನಸುಕಿನ ಸುಮಾರು 4ಕ್ಕೆ ಕಡಿಮೆ. ಶುಭ್ರ ಆಕಾಶವಿದ್ದಾಗಲೂ ಮಧ್ಯಾಹ್ನ ಒತ್ತಡ ಇಳಿಯುವುದರಿಂದ ಯಂತ್ರ ಮೋಸಹೋಗಬಹುದು.

ಹಾಗಾದರೆ ಇದನ್ನು ಅಟ್ಟಕ್ಕೆ ಹಾಕಬೇಕೆ? ಬೇಡ. ಚಿತ್ರವನ್ನು ಬಿಡಿ, ಅಂಕಿಗಳನ್ನು ಹಿಡಿಯಿರಿ.

ಹೊರಗಿಡುವ ಘಟಕವನ್ನು ಬಿಸಿಲು ತಾಗದ, ಗಾಳಿಯಾಡುವ ಕಡೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ ತೂಗುಹಾಕಿ. ಕಾದ ಗೋಡೆ, ತಗಡಿನ ಸೂರು ಬೇಡ. ಕೆಲವು ಗಡಿಯಾರಗಳು ಜರ್ಮನಿಯ ಮೈನ್‌ಫ್ಲಿಂಗೆನ್‌ನಿಂದ ಬರುವ ರೇಡಿಯೋ ಸಂಕೇತಕ್ಕೆ ಕಾಯುತ್ತವೆ. ಅದು ಇಲ್ಲಿಗೆ ತಲುಪದು. ಸಮಯವನ್ನು ಕೈಯಲ್ಲೇ ಹೊಂದಿಸಿ.

ಯಂತ್ರದೊಡನೆ ಮಳೆಮಾಪಕ ಇಲ್ಲವೇ? ಮೇಲಿನಿಂದ ತಳದವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬ ಸಾಕು. ಮರ, ಗೋಡೆಗಳ ಎತ್ತರದ ಎರಡರಷ್ಟು ದೂರದಲ್ಲಿಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು!

ಇನ್ನು ಅಲಾರಂ. ಅದನ್ನು ಬೆಳಿಗ್ಗೆ 8.30ಕ್ಕೆ ಇಡಿ. ಭಾರತ ಹವಾಮಾನ ಇಲಾಖೆ ಹಿಂದಿನ 24 ಗಂಟೆಗಳ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದೇ ಹೊತ್ತಿಗೆ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು 'ಮಳೆ ದಿನ'. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅದರ ಅಂಕಿಯೊಡನೆ ನಿಮ್ಮದನ್ನು ಹೋಲಿಸಬಹುದು. ಆದರೆ ಹರವೆಯಿಂದ ಗುಂಡ್ಲುಪೇಟೆಯವರೆಗಿನದು ಘಟ್ಟದ ಮರೆಯ ಸೀಮೆ. ರಸ್ತೆಯ ಈಚೆ ಸುರಿದ ಮಳೆ ಆಚೆ ಇರುವುದಿಲ್ಲ. ನಿಮ್ಮ ಹೊಲದ ಮಳೆ ನಿಮ್ಮ ಡಬ್ಬಕ್ಕೆ ಮಾತ್ರ ಗೊತ್ತು.

ದಿನಾಂಕ, ಉಷ್ಣಾಂಶ, ಮಳೆ: ದಿನಕ್ಕೊಂದು ಸಾಲು ಬರೆಯಿರಿ. ಭರಣಿಯ ಮೊದಲ ಹನಿಯ ನಂತರ ಎಷ್ಟು ದಿನ ಒಣಗಿತು ಎಂಬುದನ್ನು ನಾಲ್ಕಾರು ವರ್ಷಗಳ ಆ ಪುಸ್ತಕವೇ ಹೇಳುತ್ತದೆ.

ಈ ವರ್ಷ ಭಾವ ಚಿತ್ರ ನೋಡಲಿಲ್ಲ. ಡಬ್ಬದ ನೀರು ಅಳೆದರು, ಗೇಣುದ್ದ ಮಣ್ಣು ಅಗೆದು ಹಸಿ ನೋಡಿದರು, ಆಮೇಲೆ ಬೀಜದ ಚೀಲ ಬಿಚ್ಚಿದರು. ಬೆಳಿಗ್ಗೆ ಎಂಟೂವರೆಗೆ ಅಲಾರಂ ಹೊಡೆದರೆ ಈಗ ಮೊಮ್ಮಗಳು ಸ್ಕೇಲು ಹಿಡಿದು ಓಡುತ್ತಾಳೆ. ನಿಮ್ಮ ಮನೆಯಲ್ಲಿ ಯಾರು ಓಡುತ್ತಾರೆ? ನಾಳೆಯೇ ನೋಡಿ.