ಮೀನು ಕೆಡದಿರಲಿ, ದುಡಿಮೆ ಕೆಡದಿರಲಿ

(ಮೀನುಗಾರ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯ ದಂಡೆಯವರು. ನಮ್ಮ ಗಂಡಸರು ಪಾತಿದೋಣಿಯಲ್ಲಿ ಹೋಗಿ ಮೀನು ಹಿಡೀತಾರೆ. ನಾವು ಮಾರ್ತೇವೆ. ನಿಮ್ಮ ಮನೆಯ ಕಥೆಯೂ ಇದೇ ಅಲ್ಲವೇ? ಇವತ್ತು ಒಂದೇ ವಿಷಯ ಮಾತಾಡೋಣ. ಹಿಡಿದ ಮೀನನ್ನು ಕೆಡದ ಹಾಗೆ ದಡಕ್ಕೆ ತರೋದು ಹೇಗೆ? ದಡದಿಂದ ಪೇಟೆಗೆ ಒಯ್ಯೋದು ಹೇಗೆ?

"ಇದರಲ್ಲಿ ಕಲಿಯೋದು ಏನುಂಟು? ನಾವು ಹುಟ್ಟಿದ್ದೇ ಮೀನಿನ ವಾಸನೆಯಲ್ಲಿ" ಅಂತ ನೀವು ನಗಬಹುದು. ನಾವೂ ಹಾಗೇ ನಗ್ತಿದ್ದೆವು. ಆದರೆ ಒಂದು ದಿನ ನಮ್ಮ ನಗು ನಿಂತುಹೋಯಿತು.

ಅದು ಬೇಸಿಗೆ ಕಾಲ. ಬಲೆಗೆ ಬಂಗಡೆ ಚೆನ್ನಾಗಿ ಬಿದ್ದಿತ್ತು. ಪಾತಿಯ ತಳದಲ್ಲಿ ಮೀನಿನ ರಾಶಿ. ಮೇಲೆ ಸುಡುವ ಬಿಸಿಲು. ದೋಣಿ ದಡಕ್ಕೆ ಬರುವಾಗ ಹನ್ನೊಂದು ಗಂಟೆ. ಬುಟ್ಟಿ ಹೊತ್ತು ಕೇರಿ ಕೇರಿ ತಿರುಗಿದೆವು. ಸಂಜೆ ಉಳಿದದ್ದನ್ನು ಅಗ್ಗಕ್ಕೆ ಕೊಟ್ಟೆವು. ಮರುದಿನ ಒಂದು ಮನೆಯ ತಾಯಿ ನಮ್ಮನ್ನು ತಡೆದು ನಿಲ್ಲಿಸಿದರು. "ನಿಮ್ಮ ಮೀನು ತಿಂದು ಮಕ್ಕಳ ಮುಖ ಕೆಂಪಾಯ್ತು. ಮೈಯೆಲ್ಲ ತುರಿಸ್ತು. ತಲೆ ಸಿಡೀತು. ರಾತ್ರಿ ಆಸ್ಪತ್ರೆಗೆ ಓಡಿದೆವು" ಅಂದರು. ಮಕ್ಕಳು ಗುಣವಾದರು. ಆದರೆ ಆ ಕೇರಿಯಲ್ಲಿ ಎಷ್ಟೋ ದಿನ ನಮ್ಮ ಮೀನು ಯಾರೂ ಕೊಳ್ಳಲಿಲ್ಲ.

ಯಾಕೆ ಹೀಗಾಯ್ತು? ಡಾಕ್ಟರು ಬಿಡಿಸಿ ಹೇಳಿದರು. ಬಂಗಡೆ, ತಾರ್ಲೆ, ಕೇದರ ಇಂಥ ಮೀನು ಬಿಸಿಲಿಗೆ ಬಿದ್ದರೆ ಅದರ ಮಾಂಸದಲ್ಲಿ ವಿಷ ಹುಟ್ಟುತ್ತದೆ. ಅದಕ್ಕೆ ಹಿಸ್ಟಮಿನ್ ಅಂತ ಹೆಸರು. ಅದು ಬೇಯಿಸಿದರೂ ಹೋಗೋದಿಲ್ಲ. ಹುರಿದರೂ ಹೋಗೋದಿಲ್ಲ. ಆಮೇಲೆ ಐಸು ಹಾಕಿದರೂ ಹೋಗೋದಿಲ್ಲ. ಕೆಲವು ಸಲ ಕೆಟ್ಟ ವಾಸನೆಯೂ ಬರೋದಿಲ್ಲ. ಹಾಗಾದರೆ ದಾರಿ ಏನು? ಮೀನನ್ನು ನೀರಿನಿಂದ ತೆಗೆದ ಕೂಡಲೇ ತಂಪು ಮಾಡಬೇಕು. ಆ ತಂಪನ್ನು ಕಡೆಯವರೆಗೂ ಬಿಡಬಾರದು.

ಮೀನಿನ ತೊಗಲಿನಲ್ಲಿ, ಕಿವಿರಿನಲ್ಲಿ, ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇರ್ತವೆ. ಮೀನು ಬದುಕಿರುವಾಗ ಅವು ಮಾಂಸಕ್ಕೆ ಇಳಿಯೋದಿಲ್ಲ. ಸತ್ತ ಮೇಲೆ ಇಳೀತವೆ. ಸೆಕೆಯಲ್ಲಿ ಬೇಗ ಬೇಗ ಹೆಚ್ಚುತ್ತವೆ. ತಂಪಿನಲ್ಲಿ ಅವುಗಳ ಆಟ ನಡೆಯೋದಿಲ್ಲ. ಕರಗುವ ಐಸಿನ ತಂಪು ಸೊನ್ನೆ ಡಿಗ್ರಿ. ನಮಗೆ ಬೇಕಾದ್ದು ಅದೇ.

ನಾವು ಮನೆಗೆ ಬಂದು ಗಂಡಸರ ಹತ್ತಿರ ಹೇಳಿದೆವು, "ನಾಳೆಯಿಂದ ಐಸಿನ ಪೆಟ್ಟಿಗೆ ಒಯ್ಯಿರಿ." ಅವರು ಸಿಟ್ಟಾದರು. "ಪಾತಿಯಲ್ಲಿ ಕಾಲು ಚಾಚಲಿಕ್ಕೇ ಜಾಗ ಇಲ್ಲ. ಪೆಟ್ಟಿಗೆ ಎಲ್ಲಿ ಇಡೋದು? ತಲೆ ಮೇಲಾ?" ಅಂದರು. ಅವರ ಮಾತೂ ಸುಳ್ಳಲ್ಲ. ಪಾತಿ ಸಣ್ಣದು. ಭಾರ ಒಂದು ಕಡೆ ಆದರೆ ಮಗುಚ್ತದೆ. ಅದಕ್ಕೆ ಎಲ್ಲರೂ ಕೂತು ಯೋಚನೆ ಮಾಡಿದೆವು. ಸಣ್ಣ ಥರ್ಮಾಕೋಲ್ ಪೆಟ್ಟಿಗೆ ತಂದೆವು. ಒಡೆಯದ ಹಾಗೆ ಗೋಣಿಚೀಲದಲ್ಲಿ ಹಾಕಿ ಹೊಲಿದೆವು. ಅದನ್ನು ದೋಣಿಯ ನಡುವೆ, ತಳಕ್ಕೆ ಇಟ್ಟು ಹಗ್ಗದಿಂದ ಕಟ್ಟಿದರು. ಅಲುಗಾಡಲಿಲ್ಲ.

ಪೆಟ್ಟಿಗೆಯಲ್ಲಿ ಹಿಡಿಯದ ಮೀನನ್ನು ಏನು ಮಾಡೋದು? ದೋಣಿಯ ತಳದಲ್ಲಿ ನಿಂತ ನೀರಿನಲ್ಲಿ ಬಿಡಬಾರದು. ಆ ನೀರು ಬಿಸಿ. ಅದರಲ್ಲಿ ರಕ್ತ, ಕೊಳೆ ಎಲ್ಲ ಉಂಟು. ತಳಕ್ಕೆ ಬಿದಿರಿನ ತಟ್ಟಿ ಹಾಕಬೇಕು. ಮೀನು ಅದರ ಮೇಲಿರಲಿ. ಒದ್ದೆ ಗೋಣಿ ಮುಚ್ಚಿ, ಮತ್ತೆ ಮತ್ತೆ ನೀರು ಹಾಕಬೇಕು. ಗೋಣಿಯ ನೀರು ಆರುವಾಗ ಮೀನು ತಂಪಾಗ್ತದೆ, ಮಣ್ಣಿನ ಕೊಡದಲ್ಲಿ ನೀರು ತಂಪಾಗುವ ಹಾಗೆ. ಆದರೆ ಇದು ಸ್ವಲ್ಪ ಹೊತ್ತಿಗೆ ಮಾತ್ರ. ಐಸಿನ ಕೆಲಸ ಗೋಣಿ ಮಾಡೋದಿಲ್ಲ. ಬೇಗ ದಡಕ್ಕೆ ಬರಬೇಕು. ಮೀನನ್ನು ತುಳಿಯಬಾರದು, ಎಸೆಯಬಾರದು. ಜಜ್ಜಿದ ಮೀನು ಮೊದಲು ಕೆಡ್ತದೆ. ದೊಡ್ಡ ಮೀನಾದರೆ ಕಿವಿರು, ಕರುಳು ತೆಗೆದು, ಶುದ್ಧ ನೀರಿನಲ್ಲಿ ತೊಳೆದು ಐಸಿನಲ್ಲಿ ಇಡಬೇಕು.

ದಡಕ್ಕೆ ಬಂದ ಮೇಲೆ ಕೆಲಸ ನಮ್ಮದು. ಐಸಿನ ದೊಡ್ಡ ಗಡ್ಡೆ ಇಟ್ಟರೆ ಸಾಲದು. ಅದು ಮೀನಿಗೆ ಎಲ್ಲ ಕಡೆ ತಾಗೋದಿಲ್ಲ. ಗೋಣಿಯಲ್ಲಿ ಹಾಕಿ ಕುಟ್ಟಿ ಪುಡಿ ಮಾಡಬೇಕು. ಕೆಳಗೆ ಐಸು, ಮೇಲೆ ಮೀನು. ಮತ್ತೆ ಐಸು, ಮತ್ತೆ ಮೀನು. ಕಡೆಗೆ ಮೇಲೆ ದಪ್ಪವಾಗಿ ಐಸು. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕು. ಕರಗಿದ ನೀರು ಹೊರಗೆ ಹೋಗಲಿಕ್ಕೆ ಪೆಟ್ಟಿಗೆಯ ಅಡಿಯಲ್ಲಿ ತೂತು ಇರಬೇಕು. ಐಸು ಕುಡಿಯುವ ನೀರಿನದ್ದೇ ಆಗಿರಬೇಕು. ಕೊಳಕು ನೀರಿನ ಐಸು ರೋಗ ತರ್ತದೆ.

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಹೋಗಬೇಕು. ಸುಮಾರು 60 ಕಿಲೋಮೀಟರು. ಬಸ್ಸಿನಲ್ಲಿ ನಮ್ಮ ಬುಟ್ಟಿಯಿಂದ ನೀರು ಸೋರಿದರೆ ಬೈಗುಳ ತಪ್ಪಿದ್ದಲ್ಲ. ಒಮ್ಮೆ ನಡುದಾರಿಯಲ್ಲೇ ನಮ್ಮನ್ನು ಇಳಿಸಿದ್ದರು. ಬಿಸಿಲಲ್ಲಿ ಎರಡು ತಾಸು ನಿಂತೆವು. ಈಗ ಪೆಟ್ಟಿಗೆಯ ತೂತಿಗೆ ಬಿರಡೆ ಹಾಕ್ತೇವೆ. ಇಳಿದ ಕೂಡಲೇ ಬಿರಡೆ ತೆಗೆದು ನೀರು ಬಿಡ್ತೇವೆ. ದೂರ ಹೋಗುವ ದಿನ ನಾಲ್ಕೈದು ಜನ ಸೇರಿ ಒಂದು ಟೆಂಪೋ ಮಾಡ್ತೇವೆ.

"ಐಸಿಗೆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಬಹುದು. ಬನ್ನಿ, ಲೆಕ್ಕ ಬರೆಯೋಣ. 20 ಕಿಲೋ ಬಂಗಡೆ ಉಂಟು. ಬೆಲೆ ಕಿಲೋಗೆ 150 ರೂಪಾಯಿ ಅಂತ ಹಿಡಿಯೋಣ. ಮಧ್ಯಾಹ್ನದ ಒಳಗೆ 12 ಕಿಲೋ ಹೋಯಿತು. 8 ಕಿಲೋ ಉಳಿಯಿತು. ಮೀನು ಮೆತ್ತಗಾದರೆ 50 ರೂಪಾಯಿಗೆ ಕೇಳ್ತಾರೆ. 8 ಕಿಲೋಗೆ 400 ರೂಪಾಯಿ. ಮೀನು ಗಟ್ಟಿ ಇದ್ದರೆ 1,200 ರೂಪಾಯಿ. ಅಂದರೆ 800 ರೂಪಾಯಿ ನಷ್ಟ. 20 ಕಿಲೋ ಐಸಿಗೆ ಕಿಲೋಗೆ 5 ರೂಪಾಯಿಯಂತೆ 100 ರೂಪಾಯಿ. ಐಸಿನ ಖರ್ಚು ಕಳೆದರೂ 700 ರೂಪಾಯಿ ನಮ್ಮ ಕೈಯಲ್ಲಿ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಬರೆದು ನೋಡಿ.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವ ಹಾಗಿಲ್ಲ. ಆಗ ಸಣ್ಣ ದೋಣಿಯ ಮೀನಿಗೆ ಬೆಲೆ ಉಂಟು. ಆಗಲೂ ಕೆಟ್ಟ ಮೀನನ್ನು ಯಾರು ಕೊಳ್ತಾರೆ?

ಇನ್ನೊಂದು ಮಾತು. ಮೀನು ಕೆಡಬಾರದು ಅಂತ ಕೆಲವರು ಫಾರ್ಮಾಲಿನ್ ಹಾಕ್ತಾರೆ. ಅದು ಹೆಣ ಕೆಡದ ಹಾಗೆ ಇಡುವ ಮದ್ದು. ಅದನ್ನು ಆಹಾರಕ್ಕೆ ಹಾಕೋದು ಅಪರಾಧ. ಯಾರು ಕೊಟ್ಟರೂ ಮುಟ್ಟಬೇಡಿ. ನಮ್ಮ ಮೀನನ್ನು ತಿನ್ನೋದು ನಮ್ಮಂಥ ತಾಯಂದಿರ ಮಕ್ಕಳೇ.

ಈಗ ನಸುಕಿನಲ್ಲಿ ನಮ್ಮ ಗಂಡಸರೇ ಕೇಳ್ತಾರೆ, "ಐಸು ಎಲ್ಲಿ?" ಅಂತ. ಆ ಕೇರಿಯ ತಾಯಿಯೂ ಈಗ ನಮ್ಮ ಮೀನು ಕೊಳ್ತಾರೆ. ಆದರೆ ಪ್ರತಿ ಸಲ ಕಿವಿರು ಎತ್ತಿ ನೋಡ್ತಾರೆ. ಬೆರಳಿನಿಂದ ಒತ್ತಿ ನೋಡ್ತಾರೆ. ನೋಡಲಿ. ನಮಗೆ ಬೇಸರ ಇಲ್ಲ.

ನೆನಪಿಡೋಣ

1. ಮೀನನ್ನು ದೋಣಿಯಲ್ಲೇ ತಂಪು ಮಾಡೋಣ.
2. ಬಿಸಿಲು ತಾಗಲು ಬಿಡದಿರೋಣ.
3. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸು ಹಾಕೋಣ.
4. ಪೆಟ್ಟಿಗೆ, ಬುಟ್ಟಿ ದಿನವೂ ತೊಳೆದು ಒಣಗಿಸೋಣ.
5. ಅನುಮಾನ ಬಂದ ಮೀನನ್ನು ಮಾರದಿರೋಣ, ತಿನ್ನದಿರೋಣ.