ನರ್ಸಮ್ಮನ ಸಂಬಳ, ರೈತನ ಸಾಲ

(ತಾಲ್ಲೂಕು ರೈತ ಸಂಘದ ಸಭೆಯಲ್ಲಿ ನಿವೃತ್ತ ನರ್ಸ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಲೆ, ಸಾಲ ಅಂತ ಮಾತಾಡೋ ಸಭೆಗೆ ಈ ನರ್ಸಮ್ಮನನ್ನು ಯಾಕೆ ಕರೆದರಪ್ಪಾ ಅಂತ ಯಾರೋ ಗೊಣಗಿದ್ದು ನನ್ನ ಕಿವಿಗೂ ಬಿತ್ತು. ಬೇಜಾರಿಲ್ಲ. ನಾನೂ ರಾಗಿ ಬೆಳೆಯುವ ಮನೆಯಲ್ಲೇ ಹುಟ್ಟಿದವಳು. ನನ್ನನ್ನು ನರ್ಸಿಂಗ್ ಶಾಲೆಗೆ ಸೇರಿಸುವಾಗ ನಮ್ಮಪ್ಪ ಎರಡು ಎತ್ತು ಮಾರಿದರು. ಸರ್ಕಾರಿ ಶಾಲೆ ಆದದ್ದರಿಂದ ಎತ್ತಿನಲ್ಲೇ ಮುಗಿಯಿತು, ಹೊಲ ಉಳಿಯಿತು. ಈಗ ನಮ್ಮ ಮಕ್ಕಳ ಕಾಲಕ್ಕೆ ಹೊಲವೇ ಹೋಗುತ್ತಿದೆ. ಆದ್ದರಿಂದ ಇದು ಸಾಲದ ಮಾತೇ, ಬೆಲೆಯ ಮಾತೇ.

ಮೊದಲು ಓದಿನ ವಿಚಾರ ಹೇಳುತ್ತೇನೆ. ನರ್ಸ್ ಅಂದರೆ ಎಲ್ಲರೂ ಒಂದೇ ಅಂತ ತಿಳಿಯಬೇಡಿ. ಎಎನ್ಎಂ ಎರಡು ವರ್ಷದ ಓದು. ಜಿಎನ್ಎಂ ಮೂರು ವರ್ಷ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇವುಗಳ ಮೇಲೆ ಇನ್ನೊಂದು ಮೆಟ್ಟಿಲಿದೆ, ಅದಕ್ಕೆ ನರ್ಸ್ ಪ್ರಾಕ್ಟೀಷನರ್ ಅನ್ನುತ್ತಾರೆ. ರೋಗಿಯನ್ನು ತಾನೇ ಪರೀಕ್ಷೆ ಮಾಡಿ, ರೋಗ ಇಂಥದ್ದು ಅಂತ ಗುರುತಿಸಿ, ಒಂದು ಮಿತಿಯೊಳಗೆ ಔಷಧಿ ಬರೆದುಕೊಡುವ ನರ್ಸ್. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ಇದನ್ನು ಶುರು ಮಾಡಿದರು. ಕಾರಣ ನಮಗೆ ಗೊತ್ತಿರುವುದೇ. ಹಳ್ಳಿಗೆ, ಬಡವರ ಕೇರಿಗೆ ಡಾಕ್ಟರು ಬರುತ್ತಿರಲಿಲ್ಲ. ಇವತ್ತು ಆ ದೇಶದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ನರ್ಸ್ ಡಾಕ್ಟರ ರುಜುವಿಗೆ ಕಾಯಬೇಕಾಗಿಲ್ಲ. ವರ್ಷಕ್ಕೆ ಒಂದು ಲಕ್ಷ ಡಾಲರ್ ಮೇಲೆ ಸಂಪಾದನೆ ಇದೆ.

ನಮ್ಮ ದೇಶದಲ್ಲಿ ಏನಾಯಿತು? ಬಿ.ಎಸ್ಸಿ. ಆದವರಿಗೆ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಅಂತ ಎರಡು ವರ್ಷದ ಓದು ಬಂತು. ಅದು ದೊಡ್ಡ ಆಸ್ಪತ್ರೆಗೆ. 2018ರಲ್ಲಿ ಹೆರಿಗೆ ನೋಡಿಕೊಳ್ಳಲು 18 ತಿಂಗಳ ತರಬೇತಿಯ ಯೋಜನೆ ಬಂತು. ನಮ್ಮ ಊರಿನ ಮಟ್ಟಕ್ಕೆ ಬಂದದ್ದು ಇನ್ನೊಂದು ಹುದ್ದೆ, ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ, ನರ್ಸಿಂಗ್ ಇಲ್ಲವೇ ಆಯುರ್ವೇದ ಓದಿದವರಿಗೆ ಆರು ತಿಂಗಳ ತರಬೇತಿ ಕೊಟ್ಟು ಉಪಕೇಂದ್ರದಲ್ಲಿ ಕೂರಿಸುವುದು ಅಂತ ತೀರ್ಮಾನವಾಯಿತು. ಹೆಸರು ಬೇರೆಯಾದರೂ ಕೆಲಸ ನರ್ಸ್ ಪ್ರಾಕ್ಟೀಷನರ್‌ಗೆ ಹತ್ತಿರದ್ದೇ.

ಅವಳ ದಿನ ಹೇಗಿರುತ್ತೆ ಕೇಳಿ. ಬಯಲುಸೀಮೆಯ ಲೆಕ್ಕದಲ್ಲಿ ಒಂದು ಉಪಕೇಂದ್ರಕ್ಕೆ 5000 ಜನ. ಬೆಳಿಗ್ಗೆ ಜ್ವರ, ಭೇದಿ, ಕುಡುಗೋಲು ತಗುಲಿದ ಗಾಯ, ಔಷಧಿ ಹೊಡೆದು ಬಂದು ತಲೆ ಸುತ್ತುತ್ತೆ ಅನ್ನೋರು. ಬಸುರಿಯರ ತಪಾಸಣೆ. ಗುರುವಾರ ಲಸಿಕೆಯ ದಿನ. 30 ವರ್ಷ ದಾಟಿದ ಪ್ರತಿಯೊಬ್ಬರ ಬಿಪಿ, ಸಕ್ಕರೆ ನೋಡಬೇಕು. ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಗುರುತು ಹುಡುಕಬೇಕು. ಡಾಕ್ಟರು ಒಮ್ಮೆ ಬರೆದುಕೊಟ್ಟ ಬಿಪಿ, ಸಕ್ಕರೆ ಮಾತ್ರೆಯನ್ನು ತಿಂಗಳು ತಿಂಗಳು ತಪ್ಪದೆ ಕೊಡಬೇಕು. ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಕೇಳಬೇಕು. ಮಧ್ಯಾಹ್ನ ಮನೆ ಮನೆ ತಿರುಗಾಟ. ಸಂಜೆ ಮಾಡಿದ್ದನ್ನೆಲ್ಲ ಮೊಬೈಲಿಗೆ ತುಂಬುವುದು. ಸಿಗ್ನಲ್ ಸಿಗದಿದ್ದರೆ ಮರದ ಕೆಳಗೋ ಮಹಡಿ ಮೇಲೋ ನಿಂತು ತುಂಬುವುದು.

ಹಾವಿನ ಕಡಿತವನ್ನೇ ತಗೊಳ್ಳಿ. ನಮ್ಮ ರಾಜ್ಯದಲ್ಲಿ 2024ರಿಂದ ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು. ರಾತ್ರಿ ನೀರು ಕಟ್ಟಲು ಹೋದವನಿಗೆ ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಲ್ಲಿ ಕುಯ್ಯಬೇಡಿ, ಕಾಲು ಅಲ್ಲಾಡಿಸದ ಹಾಗೆ ಮಲಗಿಸಿ 108ಕ್ಕೆ ಫೋನ್ ಮಾಡಿ ಅಂತ ಮೊದಲು ಹೇಳುವವಳು ಅವಳೇ. ಮಂತ್ರದವನ ಮನೆಗೆ ಹೊರಟವರನ್ನು ಅಡ್ಡಗಟ್ಟಿ ಆಸ್ಪತ್ರೆ ದಾರಿ ಹಿಡಿಸುವವಳೂ ಅವಳೇ.

ಇಷ್ಟಕ್ಕೆಲ್ಲ ಸಂಬಳ? ಕೇಂದ್ರದ ಮಾರ್ಗಸೂಚಿಯಲ್ಲಿ ತಿಂಗಳಿಗೆ 25,000 ರೂಪಾಯಿ ನಿಗದಿ, ಗುರಿ ಮುಟ್ಟಿದರೆ 15,000ದವರೆಗೆ ಪ್ರೋತ್ಸಾಹಧನ ಅಂತ ಬರೆದಿದ್ದರು. ಕೆಲಸ ಗುತ್ತಿಗೆಯದು, ವರ್ಷ ವರ್ಷ ನವೀಕರಣ. ನಮ್ಮ ಮಾತಿನಲ್ಲಿ ಹೇಳೋದಾದರೆ ಗುತ್ತಿಗೆ ಹೊಲ ಉಳುವವನ ಪಾಡು. ಮುಂದಿನ ವರ್ಷ ಈ ಹೊಲ ನನ್ನದೋ ಅಲ್ಲವೋ ಗೊತ್ತಿಲ್ಲದವನು ಗೊಬ್ಬರ ಹೊಡೆಸುತ್ತಾನೇನ್ರಪ್ಪಾ? 2023ರಲ್ಲಿ ನಮ್ಮ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಖಾಯಂ ಮಾಡಿ ಅಂತ ಮುಷ್ಕರ ಹೂಡಿದಾಗ, ಸೂಜಿ ಹಾಕೋರಿಲ್ಲ ಅಂತ ನಾವು ಬೈದೆವು. ಹೆದ್ದಾರಿ ತಡೆದಾಗ ಪೇಟೆಯವರು ನಮ್ಮನ್ನು ಬೈಯ್ಯುತ್ತಾರಲ್ಲ, ಹಾಗೇ.

ಸರ್ಕಾರಿ ಹುದ್ದೆ ಸಿಗದವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಯ ಕಥೆ ಬೇರೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕೆ ಕಡಿಮೆ ಕೊಡಬಾರದು, 200 ಹಾಸಿಗೆ ದಾಟಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಅಂತ ಸಮಿತಿ ಹೇಳಿತು. ಇದನ್ನು ಕೇಳಿದರೆ ನಿಮಗೆ ಬೆಂಬಲ ಬೆಲೆ ನೆನಪಾಗಲೇಬೇಕು. ಬೆಲೆ ದಿಲ್ಲಿಯ ಕಾಗದದಲ್ಲಿರುತ್ತೆ, ಮಂಡಿಯಲ್ಲಿ ಇರೋದಿಲ್ಲ. ನಾವು ವೈಜ್ಞಾನಿಕ ಬೆಲೆ ಕೇಳುತ್ತೇವೆ. ಅವಳು ಕೇಳುವುದೂ ಅದನ್ನೇ, ಅವಳ ಬೆಳೆ ದುಡಿಮೆ ಅಷ್ಟೆ.

ಈಗ ನಮ್ಮ ಮನೆಯ ಲೆಕ್ಕ ಹಾಕೋಣ. ಮಗಳನ್ನು ಖಾಸಗಿ ಕಾಲೇಜಿಗೆ ಸೇರಿಸಿ, ಫೀಸು ಹಾಸ್ಟೆಲು ಸೇರಿ ನಾಲ್ಕು ವರ್ಷಕ್ಕೆ ಆರು ಲಕ್ಷ ಆಯಿತು ಅಂತ ಇಟ್ಟುಕೊಳ್ಳಿ. ಸಾವುಕಾರನ ಹತ್ತಿರ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳ ಬಡ್ಡಿಯೇ 12,000. ಅವಳಿಗೆ ಮೊದಲ ಕೆಲಸದಲ್ಲಿ 15,000 ಕೊಟ್ಟರು ಅನ್ನಿ. ಉಳಿಯುವುದು 3,000. ಅದರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಬಸ್ಸು. ಅಸಲು ತೀರಿಸುವ ಮಾತು ಎಲ್ಲಿಂದ ಬಂತು? ಕಡೆಗೆ ಹೊಲವೇ ತೀರಿಸಬೇಕು. ನನ್ನ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಇದೇ ಕಷ್ಟಕ್ಕೆ ಸಿಕ್ಕಿದಳು. ಅವಳು ಸೇರಿದ ಆಸ್ಪತ್ರೆಯವರು ಅಸಲು ಮಾರ್ಕ್ಸ್ ಕಾರ್ಡು ಇಟ್ಟುಕೊಂಡರು, ಎರಡು ವರ್ಷ ಬಿಡುವ ಹಾಗಿಲ್ಲ ಅಂತ ಬಾಂಡು ಬರೆಸಿಕೊಂಡರು. ರಾತ್ರಿ ಪಾಳಿಯಲ್ಲಿ ಮೂವತ್ತು ರೋಗಿಗೆ ಅವಳೊಬ್ಬಳೇ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನೋದು ನಮ್ಮ ವೃತ್ತಿಯ ಲೆಕ್ಕ. ಅವಳು ಊರಿಗೆ ಫೋನ್ ಮಾಡಿ ಅಳುತ್ತಿದ್ದಳು. ಅಪ್ಪ ಈ ಕಡೆ ಬಡ್ಡಿ ಎಣಿಸುತ್ತಿದ್ದ.

ಅದಕ್ಕೆ ಹೇಳುತ್ತೇನೆ, ಪಹಣಿ ಹಿಡಿದು ಸಾವುಕಾರನ ಮನೆಗೆ ಹೋಗಬೇಡಿ. ಮೊದಲು ಸರ್ಕಾರಿ ಸೀಟಿಗೆ ಅರ್ಜಿ ಹಾಕಿಸಿ. ಬ್ಯಾಂಕಿನ ಓದಿನ ಸಾಲಕ್ಕೆ 2015ರಿಂದ ಕೇಂದ್ರದ ಗ್ಯಾರಂಟಿ ಯೋಜನೆ ಇದೆ, ಅದರಲ್ಲಿ ಏಳೂವರೆ ಲಕ್ಷದವರೆಗೆ ಜಮೀನು ಅಡವಿಡಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಕಾಲೇಜಿಗೆ ಹೋದಾಗ ಕಟ್ಟಡದ ಗಾಜು ನೋಡಬೇಡಿ, ಆಸ್ಪತ್ರೆ ಎಲ್ಲಿದೆ ತೋರಿಸಿ ಅನ್ನಿ. ಹಾಸಿಗೆ ಎಷ್ಟು, ಅದರಲ್ಲಿ ರೋಗಿ ಎಷ್ಟು ಅಂತ ಕಣ್ಣಾರೆ ಎಣಿಸಿ. ರೋಗಿ ಇಲ್ಲದ ಕಾಲೇಜಿನಲ್ಲಿ ನರ್ಸಿಂಗ್ ಕಲಿಯೋದು, ನೀರಿಲ್ಲದ ಗದ್ದೆಯಲ್ಲಿ ನಾಟಿ ಕಲಿತ ಹಾಗೆ.

ಇನ್ನೊಂದು ಸಾಲವಿದೆ, ಅದು ಕಾಣದ ಹಾಗೆ ಬರುತ್ತೆ. ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಯಜಮಾನರು, ಎರಡೂವರೆ ಎಕರೆ ತೋಟದವರು. ಅಲ್ಲಿಯ ಉಪಕೇಂದ್ರದಲ್ಲಿ ಆಗ ಯಾರೂ ಇರಲಿಲ್ಲ, ಬಾಗಿಲಿಗೆ ಬೀಗ. ಅವರಿಗೆ ಬಿಪಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಕರೆಯುತ್ತಾ ಕುಳಿತವರು ಹಾಗೇ ವಾಲಿದರು. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಪೇಟೆಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಬಂದರು, ಒಂದು ಎಕರೆ ತೋಟ ಹೋಯಿತು. ಉಪಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುವ ಮಾತ್ರೆ, ದಿನಕ್ಕೊಂದು ನುಂಗಿದ್ದರೆ ಬಹುಶಃ ಅದು ತಪ್ಪುತ್ತಿತ್ತು. ಸಕ್ಕರೆ ಕಾಯಿಲೆಯೂ ಹಾಗೇ. ನೋಡಿಕೊಳ್ಳದೆ ಬಿಟ್ಟರೆ ಕಣ್ಣು, ಕಾಲು, ಮೂತ್ರಪಿಂಡ ಒಂದೊಂದಾಗಿ ಹೋಗುತ್ತೆ. ಡಯಾಲಿಸಿಸ್ಸಿಗೆ ವಾರಕ್ಕೆ ಎರಡು ಮೂರು ಸಲ ಹೋಗುವವನ ಹೊಲ ಯಾರು ಉಳಬೇಕು?

ಮಳೆ ಹೋದರೆ ಒಂದು ಬೆಳೆ ಹೋಗುತ್ತೆ. ಯಜಮಾನ ಬಿದ್ದರೆ ಹೊಲವೇ ಹೋಗುತ್ತೆ. ಉಪಕೇಂದ್ರದಲ್ಲಿ ಕೂತ ಆ ಹುಡುಗಿ ನಿಮ್ಮ ಪಹಣಿ ಕಾಯುವವಳು ಅಂತ ತಿಳಿಯಿರಿ. ಅವಳ ಸಂಬಳ ಕಡಿಮೆಯಾದರೆ, ಕೆಲಸ ಭದ್ರವಿಲ್ಲದಿದ್ದರೆ, ಅವಳು ಜರ್ಮನಿಗೋ ಕೊಲ್ಲಿ ದೇಶಕ್ಕೋ ಅರ್ಜಿ ಹಾಕುತ್ತಾಳೆ. ಹೋಗಲಿ, ಅವಳ ಹಕ್ಕು. ಬೀಗ ಮಾತ್ರ ನಮ್ಮ ಉಪಕೇಂದ್ರಕ್ಕೆ ಬೀಳುತ್ತೆ.

ಸಂಘಕ್ಕೆ ನನ್ನ ಕೋರಿಕೆ ಇಷ್ಟು. ಬೆಲೆ, ಸಾಲ, ಕರೆಂಟು ಅಂತ ಮನವಿ ಬರೆಯುವಾಗ ಕೆಳಗೆ ಇನ್ನೂ ಮೂರು ಸಾಲು ಸೇರಿಸಿ. ಖಾಲಿ ಇರುವ ಉಪಕೇಂದ್ರಕ್ಕೆ ಜನ ಹಾಕಿ, ಹಾಕಿದವರನ್ನು ಖಾಯಂ ಮಾಡಿ. ಖಾಸಗಿ ಆಸ್ಪತ್ರೆಯ ನರ್ಸ್‌ಗೆ 2016ರ ಸಮಿತಿ ಹೇಳಿದ ಸಂಬಳಕ್ಕೆ ಕಾನೂನಿನ ಬಲ ಕೊಡಿ. ಉಪಕೇಂದ್ರದಲ್ಲಿ ರಾತ್ರಿ ಉಳಿಯಲು ನೀರು, ಬೆಳಕು, ಗಟ್ಟಿ ಬಾಗಿಲಿರುವ ಮನೆ ಕೊಡಿ. ಇನ್ನು ನಾವೇ ಮಾಡಬೇಕಾದ್ದೂ ಒಂದಿದೆ. ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಯಾರಿದ್ದಾರೆ, ಅದಕ್ಕೆ ಬರುವ ದುಡ್ಡು ಎಲ್ಲಿ ಖರ್ಚಾಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಕೇಳುವವರಿಲ್ಲದ ಲೆಕ್ಕ ಸರಿ ಇರುವುದಿಲ್ಲ.

ನನ್ನ ಚೀಲದಲ್ಲಿ ಬಿಪಿ ನೋಡುವ ಯಂತ್ರ ಇದೆ. ಸಭೆ ಮುಗಿದ ಮೇಲೆ ಆ ಹುಣಸೆಮರದ ಕೆಳಗೆ ಕೂತಿರುತ್ತೇನೆ. ಮೂವತ್ತು ದಾಟಿದವರು ಒಬ್ಬೊಬ್ಬರಾಗಿ ಬಂದು ತೋಳು ಕೊಟ್ಟು ಹೋಗಿ. ಗೊಣಗಿದವರು ಮೊದಲು ಬನ್ನಿ.