ಸುಫ್ಫಾದ ಛಾವಣಿ ಮತ್ತು ನಮ್ಮ ಬೀಗ ಹಾಕಿದ ಕೋಣೆಗಳು

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಮಸೀದಿ ಸಮಿತಿಗಳ ಪ್ರತಿನಿಧಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಕುರಿತು ನಮ್ಮ ವೇದಿಕೆಗಳಲ್ಲಿ ಮಾತಾಡುವವರು ಸಾಮಾನ್ಯವಾಗಿ ಪ್ರಥಮ ದಿವ್ಯವಾಣಿಯಿಂದ ಆರಂಭಿಸುತ್ತಾರೆ. ಓದುವ ಆಜ್ಞೆಯೊಂದಿಗೆ ಅವತೀರ್ಣವಾದ ಧರ್ಮದ ಅನುಯಾಯಿಗಳು ಓದಿನಲ್ಲೇ ಹಿಂದುಳಿದದ್ದೇಕೆ ಎಂದು ವಿಷಾದಿಸುತ್ತಾರೆ. ಆ ವಿಷಾದದಲ್ಲಿ ನನ್ನ ಪಾಲೂ ಇದೆ. ಆದರೆ ಇಂದು ನಾನು ಕೇಳಬಯಸುವ ಪ್ರಶ್ನೆ ಬಹಳ ಸಣ್ಣದು: ಓದು ಎಂದು ನಾವು ಹೇಳಿದ ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ?

ಕೆಲವು ವರ್ಷಗಳ ಹಿಂದಿನ ಮಾತು. ಈ ಮೂರು ತಾಲೂಕುಗಳಲ್ಲೊಂದರ ಮಸೀದಿಯ ಜಗಲಿಯಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗನೊಬ್ಬ ಮಲಗುತ್ತಿದ್ದ. ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದ ತಂದೆ ತೀರಿಕೊಂಡಿದ್ದರು. ತಾಯಿಗೆ ಮರುವಿವಾಹವಾಗಿತ್ತು. ಚಿಕ್ಕಪ್ಪನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಆಗಲೇ ಆರು ಮಂದಿ. ಹುಡುಗ ಇಶಾ ನಮಾಝಿನ ಬಳಿಕ ಚಾಪೆ ಹಾಸಿ, ಫಜ್ರ್‌ನ ಅಝಾನ್‌ಗೆ ಮುನ್ನ ಅದನ್ನು ಸುತ್ತಿ ಹೌಝ್‌ನ ಹಿಂದೆ ಇಡುತ್ತಿದ್ದ. ಪುಸ್ತಕಗಳು ಚಪ್ಪಲಿ ಕಪಾಟಿನ ಮೇಲಿರುತ್ತಿದ್ದವು. ಯಾರೋ ಆಕ್ಷೇಪಿಸಿದರು. ಸಮಿತಿಯ ಸಭೆ ಸೇರಿತು. ಮಸೀದಿ ಲಾಡ್ಜ್ ಅಲ್ಲವಲ್ಲ ಎಂದು ಒಬ್ಬರು ಹೇಳಿದರು. ಉಳಿದವರು ತಲೆದೂಗಿದರು. ಮರುವಾರ ಹುಡುಗ ಕಾಣಲಿಲ್ಲ. ಬೆಂಗಳೂರಿನ ಗ್ಯಾರೇಜೊಂದಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ಪರೀಕ್ಷೆಗೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ.

ಆ ಸಭೆಯಲ್ಲಿ ನಾನೂ ಕುಳಿತಿದ್ದೆ, ಮತ್ತು ಮೌನವಾಗಿದ್ದೆ. ಮದ್ರಸಾದ ದಿನಗಳಲ್ಲಿ ಊರವರ ಮನೆಗಳಿಂದ ಸರದಿಯಂತೆ ಬರುತ್ತಿದ್ದ ಊಟವನ್ನು ಉಂಡು ಓದಿದವನು ನಾನು. ಅವನ ಪರವಾಗಿ ಬಾಯಿ ತೆರೆಯಬೇಕಾಗಿದ್ದ ಮೊದಲಿಗ ನಾನೇ. ಆದ್ದರಿಂದ ಇಂದಿನ ಮಾತುಗಳನ್ನು ಉಪದೇಶವೆಂದು ತಿಳಿಯಬೇಡಿ. ಇದು ತಡವಾಗಿ ಸಲ್ಲಿಸುತ್ತಿರುವ ಸಾಕ್ಷ್ಯ.

ಮಾನ್ಯರೇ, ಮನೆಯಿಲ್ಲದವನು ಎಂದೊಡನೆ ರೈಲು ನಿಲ್ದಾಣದಲ್ಲೋ ಸೇತುವೆಯ ಕೆಳಗೋ ಮಲಗಿದವನ ಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಆಶ್ರಯ ತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೂಚಿಸಿತು. ಅದು ಅಗತ್ಯವೇ. ಆದರೆ ವಿದ್ಯಾರ್ಥಿಗೆ ಬೇಕಾದದ್ದು ಬರೀ ಮಲಗುವ ಜಾಗವಲ್ಲ. ಪುಸ್ತಕ ಇಡುವ ಮೂಲೆ, ರಾತ್ರಿ ಹನ್ನೊಂದರ ತನಕ ಉರಿಯುವ ದೀಪ, ಅರ್ಜಿಯಲ್ಲಿ ಬರೆಯಲು ಒಂದು ವಿಳಾಸ. ಮನೆಯಿಲ್ಲದ ವಿದ್ಯಾರ್ಥಿ ಬೀದಿಯಲ್ಲಿ ಕಾಣಿಸುವುದೂ ಇಲ್ಲ. ಅವನು ಮಸೀದಿಯ ಜಗಲಿಯಲ್ಲಿ, ಗೆಳೆಯನ ಕೋಣೆಯಲ್ಲಿ, ಕೆಲಸಕ್ಕಿರುವ ಅಂಗಡಿಯ ಅಟ್ಟದಲ್ಲಿ, ಆಲೆಮನೆಯ ಪಕ್ಕದ ಶೆಡ್ಡಿನಲ್ಲಿ ಇರುತ್ತಾನೆ. ಯಾವ ಗಣತಿಯೂ ಅವನನ್ನು ಸುಲಭವಾಗಿ ಮುಟ್ಟುವುದಿಲ್ಲ.

ಸರಕಾರ ಏನೂ ಮಾಡಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ನಿಲಯದಲ್ಲಿ ಸ್ಥಾನ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ‘ವಿದ್ಯಾಸಿರಿ’ ಯೋಜನೆ ಬಂತು. ಆರಂಭದಲ್ಲಿ ಅದು ಊಟ ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳ ನೆರವಾಗಿತ್ತು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಮಳವಳ್ಳಿಯ ಹೆಣ್ಣುಮಗಳು ಮಂಡ್ಯದ ಕಾಲೇಜಿಗೆ ಸರಕಾರಿ ಬಸ್ಸಿನಲ್ಲಿ ಉಚಿತವಾಗಿ ಬಂದು ಹೋಗಬಹುದು. ಮಳವಳ್ಳಿಗೆ ರೈಲು ಇಲ್ಲವೆಂಬುದನ್ನು ನೆನೆದರೆ ಇದು ಸಣ್ಣ ಉಪಕಾರವಲ್ಲ.

ಆದರೆ ಈ ಎಲ್ಲ ಯೋಜನೆಗಳ ಒಳಗೆ ಒಂದು ಊಹೆ ಅಡಗಿದೆ. ವಿದ್ಯಾರ್ಥಿಗೆ ಹಿಂದೆ ಒಂದು ಮನೆ ಇದೆ, ಅವನ ಪರವಾಗಿ ಓಡಾಡುವ ಹಿರಿಯರಿದ್ದಾರೆ ಎಂಬುದೇ ಆ ಊಹೆ. ಪಡಿತರ ಚೀಟಿ ಕುಟುಂಬಕ್ಕೆ ಸಿಗುತ್ತದೆ. ಒಂಟಿ ಹುಡುಗನಿಗೆ ಅಕ್ಕಿ ಎಲ್ಲಿಂದ? ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ಮೊದಲು ಕೇಳುವುದು ವಿಳಾಸ. 2024ರ ಜನವರಿಯಲ್ಲಿ ಜಾರಿಯಾದ ‘ಯುವನಿಧಿ’ಯನ್ನು ನೋಡಿ. ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3000 ರೂಪಾಯಿ. ಅವನು ಉನ್ನತ ಶಿಕ್ಷಣಕ್ಕೆ ಸೇರಿದರೆ ನೆರವು ಇಲ್ಲ. ಕೆಲಸ ಹುಡುಕುವವನು ಬಡವ, ಓದುವವನು ಅನುಕೂಲಸ್ಥ ಎಂಬ ಈ ತರ್ಕ ನಮ್ಮಲ್ಲಿ ಮಾತ್ರವೇ ಇಲ್ಲ. ಬ್ರಿಟನ್ನಿನಂತಹ ದೇಶದಲ್ಲೂ ಪೂರ್ಣಾವಧಿ ವಿದ್ಯಾರ್ಥಿಗೆ ಸಾಮಾನ್ಯ ಕಲ್ಯಾಣ ಭತ್ಯೆ ದೊರೆಯುವುದಿಲ್ಲ. ಆದರೆ ತಂದೆತಾಯಿಯರ ಆಸರೆಯಿಲ್ಲದೆ ಶಾಲಾ ಮಟ್ಟದ ಶಿಕ್ಷಣ ಪಡೆಯುತ್ತಿರುವ ಎಳೆಯರಿಗೆ ಅಲ್ಲಿನ ನಿಯಮದಲ್ಲೇ ವಿನಾಯಿತಿ ಇದೆ. ಆಸರೆಯಿಲ್ಲದವನನ್ನು ಗುರುತಿಸುವ ಒಂದು ಸಾಲು ಕಾನೂನಿನಲ್ಲಿದ್ದರೂ ಎಷ್ಟು ವ್ಯತ್ಯಾಸ!

ಇನ್ನು ಹದಿನೆಂಟರ ಹೊಸ್ತಿಲು. 2015ರ ಬಾಲನ್ಯಾಯ ಕಾಯ್ದೆಯು ಪಾಲನಾ ಸಂಸ್ಥೆಯಿಂದ ಹೊರಬರುವ ಮಕ್ಕಳಿಗೆ ಇಪ್ಪತ್ತೊಂದರ ತನಕ ಅನುಪಾಲನೆಯ ಅವಕಾಶ ಕಲ್ಪಿಸಿದೆ. ನಮ್ಮ ಯತೀಂಖಾನೆಗಳಿಗೆ ಅಂಥದೊಂದು ಆಲೋಚನೆಯಾದರೂ ಇದೆಯೇ? ಎಸ್ಸೆಸ್ಸೆಲ್ಸಿ ಮುಗಿದ ದಿನ ಹುಡುಗನ ಕೈಗೆ ಟ್ರಂಕು ಕೊಟ್ಟು ದುಆ ಮಾಡಿ ಕಳುಹಿಸುತ್ತೇವೆ. ಅನಾಥತ್ವ ಹತ್ತನೇ ತರಗತಿಗೆ ಮುಗಿಯುತ್ತದೆಯೇ?

2006ರಲ್ಲಿ ಸಂಸತ್ತಿನ ಮುಂದಿಟ್ಟ ಸಾಚಾರ್ ಸಮಿತಿಯ ವರದಿಯು ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಹೇಳಿತ್ತು. ಅದರ ಬೆನ್ನಿಗೆ ಬಂದ ನೆರವುಗಳಲ್ಲಿ ಕೆಲವು 2022ರಲ್ಲಿ ಕೈತಪ್ಪಿದವು. ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ ಒಂಬತ್ತು ಮತ್ತು ಹತ್ತನೇ ತರಗತಿಗೆ ಸೀಮಿತಗೊಳಿಸಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. ಇದನ್ನು ಪ್ರಜಾಸತ್ತಾತ್ಮಕವಾಗಿ ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಮನವಿಪತ್ರದ ಉತ್ತರ ಬರುವ ತನಕ ಹುಡುಗ ಎಲ್ಲಿ ಮಲಗಬೇಕು?

ಈ ಪ್ರಶ್ನೆಗೆ ಉತ್ತರ ಮದೀನಾದಲ್ಲಿದೆ. ಮಸ್ಜಿದುನ್ನಬವಿಯ ಹಿಂಭಾಗದಲ್ಲಿ ನೆರಳಿಗೆಂದು ಹಾಕಿದ ಛಾವಣಿಯೊಂದಿತ್ತು. ಅದೇ ಸುಫ್ಫಾ. ಮನೆ, ಬಂಧು, ಸಂಪತ್ತು ಯಾವುದೂ ಇಲ್ಲದವರು ಅಲ್ಲಿ ತಂಗಿ ಜ್ಞಾನಾರ್ಜನೆ ಮಾಡುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮನೆಯಿಲ್ಲದ ಪೂರ್ಣಾವಧಿ ವಿದ್ಯಾರ್ಥಿಗಳು. ಪ್ರವಾದಿ(ಸ) ಅವರನ್ನು ಮಸೀದಿಯಿಂದ ಹೊರಗೆ ಕಳುಹಿಸಲಿಲ್ಲ. ಇಬ್ಬರ ಊಟ ಇರುವವರು ಮೂರನೆಯವನನ್ನು ಕರೆದೊಯ್ಯುವಂತೆ ಹೇಳಿದರು. ತಮ್ಮ ಮನೆಗೆ ಹಾಲು ಉಡುಗೊರೆಯಾಗಿ ಬಂದಾಗ ಮೊದಲು ಸುಫ್ಫಾದವರನ್ನು ಕರೆಸಿ ಕುಡಿಸಿ, ಕೊನೆಗೆ ತಾವು ಕುಡಿದರು. ಆ ಪಾತ್ರೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಹಸಿದ ವಿದ್ಯಾರ್ಥಿ ಅಬೂ ಹುರೈರಾ(ರ). ಅತ್ಯಧಿಕ ಹದೀಸ್‌ಗಳು ನಮಗೆ ತಲುಪಿರುವುದು ಅವರ ಮೂಲಕ. ಅಂದು ಯಾರಾದರೂ ಮಸೀದಿ ಛತ್ರವಲ್ಲ ಎಂದು ಅವರನ್ನು ಎಬ್ಬಿಸಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವು ಎಂದು ಯೋಚಿಸಿ.

ಅಲ್‌ಬಕರ ಅಧ್ಯಾಯದ 273ನೇ ಸೂಕ್ತವನ್ನು ಅನೇಕ ವ್ಯಾಖ್ಯಾನಕಾರರು ಇವರ ಸಂದರ್ಭದಲ್ಲೇ ವಿವರಿಸಿದ್ದಾರೆ. ಅಲ್ಲಾಹನ ಮಾರ್ಗದಲ್ಲಿ ತೊಡಗಿ ಸಂಪಾದನೆಗೆ ಅಲೆಯಲಾಗದವರು, ಬೇಡದ ಸ್ವಾಭಿಮಾನದಿಂದಾಗಿ ತಿಳಿಯದವನ ಕಣ್ಣಿಗೆ ಸ್ಥಿತಿವಂತರಂತೆ ಕಾಣುವವರು ಎಂಬುದು ಅದರ ಆಶಯ. ಚಾಪೆಯನ್ನು ಹೌಝ್‌ನ ಹಿಂದೆ ಅಡಗಿಸಿಟ್ಟ ಹುಡುಗನನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸಲು ಸಾಧ್ಯವೇ?

ಈಗ ಕೆಲವು ಹಿರಿಯರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಝಕಾತ್ ದೀನೀ ವಿದ್ಯಾರ್ಥಿಗಳಿಗೆ ಸರಿ, ಬಿ.ಕಾಂ., ಡಿಪ್ಲೊಮಾ ಓದುವವನಿಗೆ ಹೇಗೆ? ಕುರ್‌ಆನ್ ಹೇಳಿದ ಎಂಟು ವರ್ಗಗಳಲ್ಲಿ ಮೊದಲೆರಡು ಬಡವರು ಮತ್ತು ನಿರ್ಗತಿಕರು. ನಿರ್ಗತಿಕನಾಗಿರುವುದೇ ಅವನ ಹಕ್ಕು. ಅವನ ಪಠ್ಯಪುಸ್ತಕ ಯಾವುದೆಂಬುದು ಆ ಹಕ್ಕನ್ನು ಕಸಿಯುವುದಿಲ್ಲ. ದುಡಿಯಬಲ್ಲ ಯುವಕನಲ್ಲವೇ ಎಂದು ಕೇಳಬಹುದು. ದುಡಿಮೆಗಿಳಿದರೆ ವಿದ್ಯೆ ಕೈತಪ್ಪುವಂತಿದ್ದರೆ ಅಂಥ ವಿದ್ಯಾರ್ಥಿಗೆ ಝಕಾತ್ ನೀಡಬಹುದೆಂದು ಶಾಫಿಈ ಮತ್ತು ಹಂಬಲಿ ವಿದ್ವಾಂಸರು ಹಿಂದೆಯೇ ಬರೆದಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ದೀನೀ ವಿದ್ಯೆ, ನಿಜ. ಆದರೆ ಸಮುದಾಯಕ್ಕೆ ವೈದ್ಯ, ವಕೀಲ, ಶಿಕ್ಷಕರ ವಿದ್ಯೆಯೂ ಫರ್ಝ್ ಕಿಫಾಯ ಎಂಬುದನ್ನು ನಾವು ಮದ್ರಸಾದಲ್ಲೇ ಕಲಿತಿದ್ದೇವೆ.

ಒಂದು ಎಚ್ಚರಿಕೆ ಬೇಕು. ಹನಫೀ ಫಿಕ್ಹ್ ಪ್ರಕಾರ ಝಕಾತ್ ಹಣ ಅರ್ಹನ ಒಡೆತನಕ್ಕೆ ಸೇರಬೇಕು. ಅದರಿಂದ ಕಟ್ಟಡ ಕಟ್ಟುವಂತಿಲ್ಲ. ಆದ್ದರಿಂದ ಬಾಡಿಗೆ, ಊಟ, ಪರೀಕ್ಷಾ ಶುಲ್ಕಕ್ಕೆ ಝಕಾತನ್ನು ವಿದ್ಯಾರ್ಥಿಯ ಕೈಗೇ ಕೊಡೋಣ. ಕೋಣೆ, ಮಂಚ, ವಿದ್ಯುತ್ತಿನ ವೆಚ್ಚವನ್ನು ಸದಕಾದಿಂದಲೂ ವಕ್ಫ್‌ನ ಷರತ್ತುಗಳಿಗೆ ಒಳಪಟ್ಟು ಅದರ ಬಾಡಿಗೆ ಆದಾಯದಿಂದಲೂ ಭರಿಸೋಣ. ಐಚ್ಛಿಕ ಸದಕಾಕ್ಕೆ ಧರ್ಮದ ಗಡಿಯಿಲ್ಲ. ಹೊರ ಊರಿನಿಂದ ಕಬ್ಬು ಕಡಿಯಲು ಬಂದವರ ಮಗನೋ, ದಲಿತ ಕುಟುಂಬದ ಹುಡುಗನೋ ಜಾಗ ಕೇಳಿದರೆ ನಮ್ಮ ಬಾಗಿಲು ತೆರೆದಿರಲಿ.

ಈ ನಾಡಿಗೆ ಇದು ಹೊಸತೇನಲ್ಲ. ವಾರಾನ್ನ ಉಂಡು ಓದಿದ ಒಂದು ತಲೆಮಾರೇ ಇಲ್ಲಿತ್ತು. ಸಿದ್ಧಗಂಗೆಯಲ್ಲಿ ಸಹಸ್ರಾರು ಮಕ್ಕಳು ಅನ್ನ, ಆಶ್ರಯ, ಅಕ್ಷರ ಪಡೆದಿದ್ದಾರೆ. ನಮ್ಮದೇ ಜಿಲ್ಲೆಯ ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಮಠದ ಶಿಕ್ಷಣ ಸೇವೆ ನಿಮ್ಮ ಕಣ್ಣೆದುರಿಗಿದೆ. ಕವಿ ಕುವೆಂಪು ವಿದ್ಯಾರ್ಥಿಯಾಗಿದ್ದಾಗ ಮೈಸೂರಿನ ರಾಮಕೃಷ್ಣಾಶ್ರಮ ಅವರಿಗೆ ನೆಲೆ ನೀಡಿತ್ತು. ಒಳಿತನ್ನು ಎಲ್ಲಿ ಕಂಡರೂ ಅದರಿಂದ ಪಾಠ ಕಲಿಯುವುದರಲ್ಲಿ ಸಂಕೋಚವೇಕೆ?

ನಾನು ಕೇಳುತ್ತಿರುವುದು ಹೊಸ ಸಂಸ್ಥೆಯನ್ನಲ್ಲ, ಶಿಲಾನ್ಯಾಸವನ್ನಲ್ಲ. ಮೂರು ಊರುಗಳಲ್ಲಿ ಒಂದೊಂದು ಕೋಣೆ. ಮಸೀದಿಯ ಕಟ್ಟಡದಲ್ಲೋ ಶಾದಿ ಮಹಲ್‌ನ ಮೇಲ್ಮಹಡಿಯಲ್ಲೋ ವರ್ಷಪೂರ್ತಿ ಬೀಗ ಬಿದ್ದಿರುವ ಕೋಣೆಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮದುವೆಯ ಪಾತ್ರೆಗಳನ್ನು ಬೇರೆ ಕಡೆ ಇಟ್ಟು ಅಲ್ಲಿ ನಾಲ್ಕು ಮಂಚ ಹಾಕಿ. ವಿಳಾಸ ಬರೆದುಕೊಡುವ ಜವಾಬ್ದಾರಿಯನ್ನು ಸಮಿತಿ ಹೊರಲಿ. ನಿಲಯ, ವಿದ್ಯಾರ್ಥಿವೇತನಗಳ ಅರ್ಜಿ ತುಂಬಿಸಲು ಪದವೀಧರ ಯುವಕನೊಬ್ಬನನ್ನು ನೇಮಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ಕೋಣೆ ಸಾಲದು. ಅವರಿಗೆ ಭದ್ರವಾದ ಪ್ರತ್ಯೇಕ ವ್ಯವಸ್ಥೆ ಬೇಕು, ಅದನ್ನು ಇಲ್ಲಿರುವ ತಾಯಂದಿರೇ ರೂಪಿಸಬೇಕು, ಸಮಿತಿಯಲ್ಲಿ ಅವರಿಗೂ ಸ್ಥಾನವಿರಬೇಕು. ನೆರವು ಪಡೆದವನ ಫೋಟೋ ತೆಗೆದು ಬ್ಯಾನರ್ ಕಟ್ಟುವ ಪದ್ಧತಿಯಂತೂ ಬೇಡವೇ ಬೇಡ. ಬೇಡದವನ ಮಾನವನ್ನು ಕುರ್‌ಆನೇ ಕಾಪಾಡಿರುವಾಗ ಅದನ್ನು ಕಳೆಯಲು ನಾವು ಯಾರು?

ಮಾನ್ಯರೇ, ಗ್ಯಾರೇಜಿಗೆ ಹೋದ ಆ ಹುಡುಗ ಮರಳಿ ಬರಲಾರ. ಅವನ ವಿಷಯದಲ್ಲಿ ಅಲ್ಲಾಹನ ಮುಂದೆ ನಾನು ಉತ್ತರಿಸಲೇಬೇಕು. ಆದರೆ ಇಂದು ರಾತ್ರಿಯೂ ಮಂಡ್ಯದಲ್ಲೋ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಒಬ್ಬ ವಿದ್ಯಾರ್ಥಿ ಚಾಪೆ ಹಾಸಲು ಜಾಗ ಹುಡುಕುತ್ತಿರಬಹುದು. ಈ ಸಭೆಯಿಂದ ಹೊರಟವರು ಮನೆ ಸೇರುವ ಮುನ್ನ ತಮ್ಮ ಮಸೀದಿಯ ಜಗಲಿಯನ್ನೊಮ್ಮೆ ನೋಡಿಕೊಂಡು ಹೋಗಲಿ ಎಂಬುದಷ್ಟೇ ನನ್ನ ವಿನಂತಿ. ಕೀಲಿಕೈ ನಮ್ಮ ಜೇಬಿನಲ್ಲೇ ಇದೆ. ಅದನ್ನು ತಿರುಗಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.